ಕಂಬಳದ ಫೋಟೋ ಯಾಕೆ ಕೆಡುತ್ತದೆ? ಚಿಕ್ಕ ಕ್ಯಾಮೆರಾದ ತೊಂದರೆ ಪತ್ತೆ ಹಚ್ಚುವ ಬಗೆ

ಬೀರುವಿನಲ್ಲಿ ಬಿದ್ದಿದ್ದ ಚಿಕ್ಕ ಡಿಜಿಟಲ್ ಕ್ಯಾಮೆರಾಗಳನ್ನು ಮತ್ತೆ ಹೊರಗೆ ತೆಗೆಯುವವರು ಈಗ ಜಾಸ್ತಿಯಾಗಿದ್ದಾರೆ. ಮನೆಯವರ ಫೋಟೋ, ಅಂಗಳದ ಹೂವು, ಊರ ಜಾತ್ರೆಯ ತೇರು ಎಲ್ಲ ಚೆನ್ನಾಗಿಯೇ ಬರುತ್ತದೆ. ಅದೇ ಕ್ಯಾಮೆರಾವನ್ನು ಮೂಡುಬಿದಿರೆಗೋ ಪುತ್ತೂರಿಗೋ ಕಂಬಳಕ್ಕೆ ಒಯ್ದರೆ ಕಾರ್ಡ್ ತುಂಬ ಕೆಸರು, ನೊರೆ, ಕೋಣದ ಬಾಲ. "ಇದು ಹಾಳಾಗಿದೆ ಅನ್ಸುತ್ತೆ" ಎಂದು ಅಂಗಡಿಗೆ ಕೊಡುವ ಮೊದಲು ಸ್ವಲ್ಪ ನಿಲ್ಲಿ.

ಕರೆಯಲ್ಲಿ, ಅಂದರೆ ಕೋಣಗಳು ಓಡುವ ಕೆಸರಿನ ಹಾದಿಯಲ್ಲಿ, ಎಷ್ಟು ವೇಗ ಇರುತ್ತದೆ ಎಂದು ಮೊದಲು ನೋಡೋಣ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಓಟವನ್ನು 13.62 ಸೆಕೆಂಡಿನಲ್ಲಿ ಮುಗಿಸಿ ದೇಶದ ತುಂಬ ಸುದ್ದಿಯಾದರು. ಅಂದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ಚಿಕ್ಕ ಕ್ಯಾಮೆರಾ ಫೋಕಸ್ ಹುಡುಕಲು ಅರ್ಧ ಸೆಕೆಂಡ್ ತೆಗೆದುಕೊಂಡರೂ ಕೋಣಗಳು ಐದು ಮೀಟರ್ ಮುಂದೆ ಹೋಗಿರುತ್ತವೆ.

ಹಾಗಾಗಿ ಇಲ್ಲಿ ಬರುವ ದೂರುಗಳಲ್ಲಿ ಹೆಚ್ಚಿನವು ಕ್ಯಾಮೆರಾ ಕೆಟ್ಟು ಬಂದವಲ್ಲ. ಎಲ್ಲಿ ಫೋಕಸ್ ಮಾಡಬೇಕು, ಶಟರ್ (ಬೆಳಕನ್ನು ಒಳಗೆ ಬಿಡುವ ಬಾಗಿಲು) ಎಷ್ಟು ಹೊತ್ತು ತೆರೆದಿರಬೇಕು, ಬೆಳಕು ಎಷ್ಟು ಬೇಕು ಎಂದು ಅದು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುತ್ತಾ ಕೂರುತ್ತದೆ. ಗಂತಿನಲ್ಲಿ (ಓಟ ಶುರುವಾಗುವ ತುದಿಯಲ್ಲಿ) ಕೋಣ ಬಿಡುವ ಮೊದಲೇ ಈ ಲೆಕ್ಕವನ್ನೆಲ್ಲ ನೀವು ಮುಗಿಸಿಟ್ಟರೆ ಹಳೆಯ ಕ್ಯಾಮೆರಾದಲ್ಲೂ ಒಳ್ಳೆಯ ಫೋಟೋ ಸಿಗುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ

ಲೆನ್ಸ್ ನೋಡಿ. ಬೆರಳಿನ ಜಿಡ್ಡು ಮೆತ್ತಿದ್ದರೆ ಇಡೀ ಫೋಟೋ ಮಂಜು ಹಿಡಿದಂತೆ ಬರುತ್ತದೆ, ದೀಪಗಳ ಸುತ್ತ ಬಿಳಿ ಪ್ರಭೆ ಕಾಣುತ್ತದೆ. ಕನ್ನಡಕ ಒರೆಸುವ ಮೆತ್ತನೆ ಬಟ್ಟೆ ಸಾಕು. ಕಂಬಳದಲ್ಲಾದರೆ ಒಣಗಿದ ಕೆಸರಿನ ಕಣ ಅಂಟಿರಬಹುದು. ಅದನ್ನು ಮೊದಲು ರಬ್ಬರ್ ಬ್ಲೋವರ್‌ನಿಂದ ಊದಿ ತೆಗೆಯಿರಿ, ಆಮೇಲೆ ಒರೆಸಿ. ಲುಂಗಿಯ ತುದಿಯಿಂದ ಉಜ್ಜಿದರೆ ಮಣ್ಣಿನ ಕಣವೇ ಗಾಜನ್ನು ಗೀರುತ್ತದೆ.

ಮೆನುವಿನಲ್ಲಿ ಡಿಜಿಟಲ್ ಝೂಮ್ ಆಫ್ ಮಾಡಿ. ಅದು ಝೂಮೇ ಅಲ್ಲ, ಫೋಟೋದ ನಡುವಿನ ತುಂಡನ್ನು ಹಿಗ್ಗಿಸಿ ತೋರಿಸುತ್ತದೆ ಅಷ್ಟೇ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಹಗಲು ಬೆಳಕಿನಲ್ಲಿ ಗೋಡೆಗೆ ಒಂದು ದಿನಪತ್ರಿಕೆ ಅಂಟಿಸಿ. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಟೈಮರ್ ಹಾಕಿ ಫೋಟೋ ತೆಗೆಯಿರಿ. ನಾಲ್ಕೂ ಮೂಲೆಯ ಅಕ್ಷರ ಓದಲು ಬಂದರೆ ಲೆನ್ಸ್, ಫೋಕಸ್ ಎರಡೂ ಸರಿಯಾಗಿವೆ, ತೊಂದರೆ ಸೆಟ್ಟಿಂಗ್‌ನಲ್ಲಿದೆ. ಒಂದು ಪಕ್ಕ ಮಾತ್ರ ಯಾವಾಗಲೂ ಮಸುಕಾಗಿ ಬಂದರೆ ಕ್ಯಾಮೆರಾ ಎಲ್ಲೋ ಬಿದ್ದು ಲೆನ್ಸ್ ಓರೆಯಾಗಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

"ಒತ್ತಿದಾಗ ಕೋಣ ಇತ್ತು, ಫೋಟೋದಲ್ಲಿ ಇಲ್ಲ"

ಎಲ್ಲರೂ ಮೊದಲು ಹೇಳುವ ದೂರು ಇದು. ಗುಂಡಿ ಒತ್ತಿದ ಮೇಲೆ ಕ್ಯಾಮೆರಾ ಫೋಕಸ್ ಹುಡುಕುತ್ತದೆ, ಬೆಳಕು ಅಳೆಯುತ್ತದೆ, ಆಮೇಲೆ ಶಟರ್ ತೆರೆಯುತ್ತದೆ. ಇದರಲ್ಲಿ ಫೋಕಸ್ಸೇ ಹೆಚ್ಚು ಹೊತ್ತು ತಿನ್ನುತ್ತದೆ.

ಶಟರ್ ಗುಂಡಿಗೆ ಎರಡು ಹಂತ ಇದೆ. ಅರ್ಧ ಒತ್ತಿದರೆ ಫೋಕಸ್ ಆಗಿ ಹಸಿರು ಚೌಕ ಬರುತ್ತದೆ. ಪೂರ್ತಿ ಒತ್ತಿದರೆ ಫೋಟೋ. ಒಂದೇ ಏಟಿಗೆ ಪೂರ್ತಿ ಒತ್ತುವವರಿಗೆ ಈ ತೊಂದರೆ ತಪ್ಪಿದ್ದಲ್ಲ. ಕೋಣ ಬರುವ ಮೊದಲೇ, ಅವು ಹಾದು ಹೋಗುವ ಜಾಗದಷ್ಟೇ ದೂರದಲ್ಲಿರುವ ಏನಕ್ಕಾದರೂ ಅರ್ಧ ಒತ್ತಿ ಹಿಡಿದುಕೊಳ್ಳಿ. ಕರೆಯ ಅಂಚು, ಒಂದು ಕಂಬ, ಏನಾದರೂ ಆಗುತ್ತದೆ. ಕೋಣಗಳು ಆ ಜಾಗಕ್ಕೆ ಬಂದಾಗ ಉಳಿದರ್ಧ ಒತ್ತಿ. ಕಾಯುವುದು ಅಲ್ಲಿಗೆ ಬಹುಪಾಲು ಮುಗಿಯಿತು.

ಕನೆ ಹಲಗೆ ಸ್ಪರ್ಧೆಯಲ್ಲಿ ಇದು ಇನ್ನೂ ಸಲೀಸು. ಓಟಗಾರ ನಿಂತ ಹಲಗೆಯ ತೂತಿನಿಂದ ಚಿಮ್ಮುವ ನೀರು 6.5 ಅಥವಾ 7.5 ಕೋಲು (ಕಂಬಳದಲ್ಲಿ ಬಳಸುವ ಅಳತೆ) ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಬೇಕು. ಫೋಟೋ ಎಲ್ಲಿ ಆಗುತ್ತದೆ ಎಂದು ಸಂಘಟಕರೇ ಬಟ್ಟೆ ಕಟ್ಟಿ ತೋರಿಸಿದ್ದಾರೆ! ಆ ಬಟ್ಟೆಯ ಕೆಳಗಿನ ಕರೆಯ ಮೇಲೆ ಫೋಕಸ್ ಹಿಡಿದು ಕಾಯಿರಿ. ಕ್ಯಾಮೆರಾ ಅಡ್ಡ ಹಿಡಿದರೆ ಮೇಲಿನ ನೀರು ಕತ್ತರಿಸಿ ಹೋಗುತ್ತದೆ, ಉದ್ದಕ್ಕೆ ಹಿಡಿಯಿರಿ.

ಅರ್ಧ ಒತ್ತಿ ಹಿಡಿದರೂ ತಡವಾಗುತ್ತಿದೆಯೇ? ಹಾಗಾದರೆ ಫ್ಲ್ಯಾಶ್ ನೋಡಿ. ಕೆಂಗಣ್ಣು ತಡೆಯುವ ಸೆಟ್ಟಿಂಗ್ ಇದ್ದರೆ ಕ್ಯಾಮೆರಾ ಮೊದಲು ಒಂದು ದೀಪ ಹೊತ್ತಿಸಿ, ತಡೆದು, ಆಮೇಲೆ ಫೋಟೋ ತೆಗೆಯುತ್ತದೆ. ಫ್ಲ್ಯಾಶ್ ಪೂರ್ತಿ ಆಫ್ ಮಾಡಿ. ಇಷ್ಟಾದ ಮೇಲೂ ಉಳಿಯುವ ತಡ ಬಹುಪಾಲು ಕಣ್ಣು ಮತ್ತು ಬೆರಳಿನ ನಡುವಿನದು. ಕೋಣ ಆ ಜಾಗಕ್ಕೆ ಬರುವ ಕೂದಲೆಳೆ ಮೊದಲೇ ಒತ್ತುವುದು ಅಭ್ಯಾಸದಿಂದ ಬರುತ್ತದೆ. ಮನೆ ಗೇಟಿನ ಬಳಿ ನಿಂತು ರಸ್ತೆಯ ಸ್ಕೂಟರ್‌ಗಳನ್ನು ಹಿಡಿಯಿರಿ. ಸೆಕೆಂಡಿಗೆ ಹತ್ತೂವರೆ ಮೀಟರ್ ಅಂದರೆ ಗಂಟೆಗೆ ಸುಮಾರು 38 ಕಿಲೋಮೀಟರ್, ಊರೊಳಗಿನ ಸ್ಕೂಟರ್ ವೇಗವೂ ಹೆಚ್ಚು ಕಡಿಮೆ ಅಷ್ಟೇ.

"ಕೋಣ ಇದೆ, ಆದರೆ ಬ್ಲರ್"

ಇಲ್ಲಿ ಅವಸರ ಬೇಡ. ಫೋಟೋವನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಏನು ಮಸುಕಾಗಿದೆ ಎನ್ನುವುದರಲ್ಲೇ ಕಾರಣ ಇದೆ.

ಕಂಬ, ಜನ, ಕೋಣ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಇದ್ದರೆ ನಿಮ್ಮ ಕೈ ಅಲುಗಿದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ, ಗುಂಡಿಯನ್ನು ಜಜ್ಜಬೇಡಿ, ಝೂಮ್ ಕಡಿಮೆ ಮಾಡಿ. ಕಂಬ ಮತ್ತು ಜನ ಸ್ಪಷ್ಟವಾಗಿದ್ದು ಕೋಣ ಮಾತ್ರ ಎಳೆದಂತೆ ಇದ್ದರೆ ಶಟರ್ ನಿಧಾನವಾಗಿದೆ. "ನನ್ನ ಕ್ಯಾಮೆರಾದಲ್ಲಿ ಸ್ಟೆಬಿಲೈಸರ್ ಇದೆಯಲ್ಲ" ಎಂದು ಕೇಳುವವರಿದ್ದಾರೆ. ಅದು ನಿಮ್ಮ ಕೈಯ ನಡುಕ ತಡೆಯುತ್ತದೆ, ಓಡುವ ಕೋಣವನ್ನು ನಿಲ್ಲಿಸುವುದಿಲ್ಲ.

ಈಗ ಅಂಕಿ ನೋಡಿ. ಫೋಟೋ ತೆರೆದು ಡಿಸ್ಪ್ ಅಥವಾ ಇನ್ಫೋ ಗುಂಡಿ ಒತ್ತಿದರೆ ಶಟರ್ ವೇಗ ಕಾಣಿಸುತ್ತದೆ. ಅಲ್ಲಿ 1/60 (ಸೆಕೆಂಡಿನ ಅರವತ್ತನೇ ಒಂದು ಭಾಗ) ಇದ್ದರೆ, ಶಟರ್ ತೆರೆದಿದ್ದ ಹೊತ್ತಿನಲ್ಲೇ ಕೋಣ ಸುಮಾರು 17 ಸೆಂಟಿಮೀಟರ್ ಮುಂದೆ ಹೋಗಿದೆ. 1/250 ಆದರೆ 4 ಸೆಂಟಿಮೀಟರ್. 1/1000 ಆದರೆ ಒಂದೇ ಸೆಂಟಿಮೀಟರ್. ಕಾಲು, ಚಿಮ್ಮುವ ಹನಿಗಳು ಮೈಗಿಂತ ಜೋರಾಗಿ ಚಲಿಸುವುದರಿಂದ ಹಗಲಿನಲ್ಲಿ 1/1000 ಇಟ್ಟುಕೊಳ್ಳುವುದು ಒಳ್ಳೆಯದು. 1/500ಕ್ಕಿಂತ ಕೆಳಗೆ ಇಳಿಯಬೇಡಿ.

ಆ ಅಂಕಿ ತರುವುದು ಹೇಗೆ? ಡಯಲ್ ಮೇಲೆ ಎಸ್ ಅಥವಾ ಟಿವಿ ಎಂದು ಬರೆದಿದ್ದರೆ ಅದಕ್ಕೆ ತಿರುಗಿಸಿ, 1/1000 ಇಡಿ. ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಇದು ಇರುವುದಿಲ್ಲ. ಆಗ ಓಡುವ ಮನುಷ್ಯನ ಚಿತ್ರ ಇರುವ ಸ್ಪೋರ್ಟ್ಸ್ ಮೋಡ್ ಹುಡುಕಿ. ಅದೂ ಇಲ್ಲವಾದರೆ ಪಿ ಮೋಡ್‌ನಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎನ್ನುವ ಅಂಕಿ) ಅನ್ನು 400ಕ್ಕೋ 800ಕ್ಕೋ ಏರಿಸಿ. ಐಎಸ್‌ಒ ಏರಿಸಿದರೆ ಅದೇ ಬೆಳಕಿಗೆ ಶಟರ್ ಬೇಗ ಮುಚ್ಚುತ್ತದೆ.

ಝೂಮ್ ಬಗ್ಗೆ ಒಂದು ಮಾತು. ಲೆನ್ಸಿನ ಸುತ್ತ 3.3–6.5 ಎಂಬಂಥ ಅಂಕಿಗಳಿರುತ್ತವೆ. ಝೂಮ್ ಮಾಡದಿದ್ದಾಗ ಎಫ್ 3.3, ಪೂರ್ತಿ ಎಳೆದಾಗ ಎಫ್ 6.5 ಎಂದು ಇದರ ಅರ್ಥ. ಎಫ್ ಅಂಕಿ ದೊಡ್ಡದಾದಷ್ಟೂ ಬೆಳಕು ಬರುವ ಕಿಂಡಿ ಚಿಕ್ಕದು. ಕೊನೆಯವರೆಗೆ ಝೂಮ್ ಎಳೆದರೆ ಒಳಗೆ ಬರುವ ಬೆಳಕು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಐಎಸ್‌ಒ 200 ಇಟ್ಟರೂ ಇದು ಲೆಕ್ಕಕ್ಕೆ ಬರುವುದಿಲ್ಲ. ಸಂಜೆ ಐದೂವರೆಗೆ ಬರುತ್ತದೆ.

ನಿಲ್ಲುವ ಜಾಗ ಬದಲಿಸಿದರೂ ಬ್ಲರ್ ಕಡಿಮೆಯಾಗುತ್ತದೆ. ಕರೆಯ ನಡುಭಾಗದಲ್ಲಿ ಪಕ್ಕಕ್ಕೆ ನಿಂತರೆ ಕೋಣ ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಕ್ಷಣದಲ್ಲಿ ಹಾದು ಹೋಗುತ್ತದೆ. ಮಂಜೊಟ್ಟಿಯ (ಓಟ ಮುಗಿಯುವ ತುದಿಯ) ಕಡೆಯಿಂದ ಓರೆಯಾಗಿ, ಅವು ನಿಮ್ಮತ್ತ ಬರುವಂತೆ ನೋಡಿದರೆ ಅದೇ ವೇಗ ಫೋಟೋದಲ್ಲಿ ನಿಧಾನವಾಗಿ ಕಾಣುತ್ತದೆ. ಆದರೆ ಇದನ್ನು ಬೇಲಿಯ ಹೊರಗಿನಿಂದ, ಝೂಮ್ ಹಾಕಿಯೇ ಮಾಡಬೇಕು. ಕೋಣಗಳು ಗೆರೆ ಕಂಡೊಡನೆ ನಿಲ್ಲುವುದಿಲ್ಲ, ಮಂಜೊಟ್ಟಿ ದಾಟಿ ಏರಿನ ಮೇಲೂ ನುಗ್ಗುತ್ತವೆ. ಕೆಲವೊಮ್ಮೆ ಪಕ್ಕಕ್ಕೂ ತಿರುಗುತ್ತವೆ. ಪರದೆಯನ್ನೇ ನೋಡುತ್ತಾ ನಿಂತವರಿಗೆ ಅವು ಎಷ್ಟು ಹತ್ತಿರ ಬಂದಿವೆ ಎಂದು ಗೊತ್ತಾಗುವುದಿಲ್ಲ, ಯಾಕೆಂದರೆ ಪರದೆಯಲ್ಲಿ ಎಲ್ಲವೂ ಚಿಕ್ಕದು. ಸ್ವಯಂಸೇವಕರು ಹಿಂದೆ ಸರಿಯಿರಿ ಎಂದರೆ ವಾದ ಬೇಡ.

"ಹಿಂದಿನ ಜನ ಸ್ಪಷ್ಟ, ಕೋಣ ಮಾತ್ರ ಮಸುಕು"

ಮೇಲಿನದಕ್ಕೂ ಇದಕ್ಕೂ ಗೊಂದಲ ಆಗುತ್ತದೆ. ಎಳೆದ ಗೆರೆ ಕಾಣದೆ, ಕೋಣ ಮೆತ್ತಗೆ ಕರಗಿದಂತೆ ಇದ್ದರೆ ಇದು ಫೋಕಸ್ ತಪ್ಪಿದ್ದು. ಶಟರ್ ವೇಗ ಏರಿಸಿ ಪ್ರಯೋಜನ ಇಲ್ಲ.

ಚಿಕ್ಕ ಕ್ಯಾಮೆರಾಗಳಲ್ಲಿ ಹೆಚ್ಚಿನವು ಬೆಳಕು ನೆರಳಿನ ಅಂಚು ನೋಡಿ ಫೋಕಸ್ ಮಾಡುತ್ತವೆ. ಕೆಸರು ಬಳಿದ ಕಪ್ಪು ಕೋಣದ ಮೈಮೇಲೆ ಅಂಥ ಅಂಚೇ ಇರುವುದಿಲ್ಲ. ಹಿಂದೆ ಬಣ್ಣಬಣ್ಣದ ಅಂಗಿ ತೊಟ್ಟ ಜನ ಕುಳಿತಿರುತ್ತಾರೆ, ಕ್ಯಾಮೆರಾ ಅವರನ್ನೇ ಹಿಡಿಯುತ್ತದೆ. ಮುಖ ಹುಡುಕುವ ಸೆಟ್ಟಿಂಗ್ ಆನ್ ಇದ್ದರಂತೂ ಕೇಳುವುದೇ ಬೇಡ, ಗ್ಯಾಲರಿಯ ಅಜ್ಜನ ಮುಖಕ್ಕೆ ಚೌಕ ಕಟ್ಟಿ ಕೂರುತ್ತದೆ. ಅದನ್ನು ಆಫ್ ಮಾಡಿ. ಫೋಕಸ್ ಚೌಕವನ್ನು ನಡುವಿಗೆ ಒಂದೇ ಇರುವಂತೆ ಇಡಿ. ಓಟಗಾರನ ಬಣ್ಣದ ಬಟ್ಟೆ, ನೊಗ, ಕೋಣದ ತಲೆಯ ಅಲಂಕಾರ ಇಂಥವುಗಳ ಮೇಲೆ ಚೌಕ ಕೂರಿಸಿ.

ಇದಕ್ಕಿಂತಲೂ ನಂಬಬಹುದಾದದ್ದು ಮೊದಲೇ ಫೋಕಸ್ ಹಿಡಿದು ಕಾಯುವ ವಿಧಾನ. ಚಿಕ್ಕ ಕ್ಯಾಮೆರಾದ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ತೀರ ಚಿಕ್ಕದು, ಹಲವು ಮಾಡೆಲ್‌ಗಳಲ್ಲಿ ಅಗಲ ಸುಮಾರು 6 ಮಿಲಿಮೀಟರ್ ಅಷ್ಟೇ. ಅದರಿಂದ ಒಂದು ಲಾಭವೂ ಇದೆ. ಝೂಮ್ ಕಡಿಮೆ ಇದ್ದರೆ ಫೋಕಸ್ ಹಿಡಿದ ಜಾಗದ ಹಿಂದೆ ಮುಂದೆ ಹಲವು ಮೀಟರ್ ಸ್ಪಷ್ಟವಾಗಿಯೇ ಬರುತ್ತದೆ. ದೂರ ನಿಂತಿದ್ದರೆ ಬೆಟ್ಟದ ಚಿತ್ರ ಇರುವ ಫೋಕಸ್ ಸೆಟ್ಟಿಂಗ್ ಹಾಕಿ ನೋಡಿ. ಅದು ದೂರಕ್ಕೆ ಫೋಕಸ್ ಕಟ್ಟಿಟ್ಟು ಹುಡುಕಾಟವನ್ನೇ ನಿಲ್ಲಿಸುತ್ತದೆ.

"ಕೋಣ ಕಪ್ಪು ಮುದ್ದೆ, ಕಣ್ಣು ಕಿವಿ ಏನೂ ಕಾಣಲ್ಲ"

ಹಿಂದೆ ಬಿಳಿ ಆಕಾಶ, ಮುಂದೆ ಬಿಳಿ ನೊರೆ. ಇವೆರಡನ್ನೂ ನೋಡಿ ಕ್ಯಾಮೆರಾ "ಬೆಳಕು ಜಾಸ್ತಿಯಾಯಿತು" ಎಂದು ಫೋಟೋವನ್ನು ಕತ್ತಲು ಮಾಡುತ್ತದೆ. ಪ್ಲಸ್ ಮೈನಸ್ ಗುರುತಿರುವ ಗುಂಡಿಯಲ್ಲಿ +0.7 ಇಡಿ. ನೊರೆ ಪೂರ್ತಿ ಸುಣ್ಣದಂತೆ ಬಿಳಿಯಾದರೆ +0.3ಕ್ಕೆ ಇಳಿಸಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವ ಪಕ್ಕಕ್ಕೆ ಹೋಗಿ ನಿಂತರೆ ಈ ತೊಂದರೆ ಅರ್ಧ ಹೋಗುತ್ತದೆ.

1/1000 ಇಟ್ಟ ಮೇಲೆ ಇಡೀ ಫೋಟೋ ಕತ್ತಲಾಗಿದ್ದರೆ ಅದು ಬೇರೆ. ಐಎಸ್‌ಒ 100ಕ್ಕೇ ಕಟ್ಟಿಬಿದ್ದಿದೆಯೇ ನೋಡಿ, ಆಟೋಗೆ ಬಿಡಿ. ಪರದೆಯಲ್ಲಿ ಅಂಕಿ ಕೆಂಪಾಗಿ ಮಿನುಗಿದರೆ ಬೆಳಕು ಸಾಲದು ಎಂದು ಕ್ಯಾಮೆರಾ ಹೇಳುತ್ತಿದೆ.

"ಒಂದು ಫೋಟೋ ಆದ ಮೇಲೆ ಕ್ಯಾಮೆರಾ ಸುಮ್ನೆ ಕೂರುತ್ತದೆ"

ಫ್ಲ್ಯಾಶ್ ಆನ್ ಇದೆಯೇ? ಅದು ಮತ್ತೆ ಚಾರ್ಜ್ ಆಗಲು ಹೊತ್ತು ಬೇಕು. ಫೋಟೋ ತೆಗೆದ ಕೂಡಲೇ ಪರದೆಯಲ್ಲಿ ತೋರಿಸುವ ರಿವ್ಯೂ ಆಫ್ ಮಾಡಿ. ಬ್ಯಾಟರಿ ಕಡಿಮೆ ಇದ್ದರೂ ಎಲ್ಲ ನಿಧಾನವಾಗುತ್ತದೆ. ಕಂಬಳ ಹಗಲು ಶುರುವಾದರೆ ರಾತ್ರಿಯಿಡೀ ನಡೆಯುತ್ತದೆ, ಇನ್ನೊಂದು ಬ್ಯಾಟರಿ ಜೇಬಿನಲ್ಲಿರಲಿ.

ಇವೆಲ್ಲ ಸರಿ ಇದ್ದೂ ಒಂದರ ಹಿಂದೊಂದು ಫೋಟೋ ತೆಗೆಯುವಾಗ ನಿಂತರೆ ಕಾರ್ಡ್ ನೋಡಿ. ಕಾರ್ಡಿನ ಮೇಲೆ ವೃತ್ತದೊಳಗೆ 4 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 4 ಎಂಬಿ ಬರೆಯುವ ಕಾರ್ಡ್ ಎಂದರ್ಥ. 10 ಎಂದಿದ್ದರೆ 10 ಎಂಬಿ. ಇಲ್ಲಿಗೆ 10ರ ಕಾರ್ಡ್ ಬೇಕು. ಆದರೆ ಅವಸರದಲ್ಲಿ 64 ಜಿಬಿ ತರಬೇಡಿ. 32 ಜಿಬಿಗಿಂತ ದೊಡ್ಡವು ಎಸ್‌ಡಿಎಕ್ಸ್‌ಸಿ ಬಗೆಯವು, ಹಲವು ಹಳೆಯ ಕ್ಯಾಮೆರಾಗಳು ಅವನ್ನು ಓದುವುದೇ ಇಲ್ಲ. ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ತೆಗೆದಿಟ್ಟು ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದರೂ ಕೆಲವೊಮ್ಮೆ ಚುರುಕಾಗುತ್ತದೆ.

ಗುಂಡಿ ಒತ್ತಿ ಹಿಡಿದರೆ ಸಾಲಾಗಿ ಫೋಟೋ ತೆಗೆಯುವ ಬರ್ಸ್ಟ್ ಮೋಡ್ ಮೇಲೆ ಜಾಸ್ತಿ ನಂಬಿಕೆ ಇಡಬೇಡಿ ಎಂಬುದು ನನ್ನ ಅಭಿಪ್ರಾಯ. ಬಹಳಷ್ಟು ಚಿಕ್ಕ ಕ್ಯಾಮೆರಾಗಳು ಮೊದಲ ಫೋಟೋಗೆ ಹಿಡಿದ ಫೋಕಸ್ಸನ್ನೇ ಕೊನೆಯವರೆಗೆ ಇಟ್ಟುಕೊಳ್ಳುತ್ತವೆ. ಕೋಣ ನಿಮ್ಮತ್ತ ಬರುತ್ತಿದ್ದರೆ ಮೊದಲನೆಯದು ಸ್ಪಷ್ಟ, ಆಮೇಲಿನವು ಮಸುಕು. ಸರಿಯಾದ ಜಾಗಕ್ಕೆ ಬಂದಾಗ ಎರಡು ಮೂರು ಫೋಟೋಗಳ ಚಿಕ್ಕ ಸರಣಿ ಸಾಕು.

"ರಾತ್ರಿ ಒಂದೂ ಸರಿ ಬರಲ್ಲ"

ಬರುವುದು ಕಷ್ಟವೇ. ಫ್ಲಡ್‌ಲೈಟ್ ನಮ್ಮ ಕಣ್ಣಿಗೆ ಹಗಲಿನಂತೆ ಕಂಡರೂ ಬಿಸಿಲಿನ ಮುಂದೆ ಅದು ಏನೂ ಅಲ್ಲ. 1/1000 ಇಟ್ಟರೆ ಕತ್ತಲು, ಐಎಸ್‌ಒ 3200 ಇಟ್ಟರೆ ಫೋಟೋ ತುಂಬ ರವೆಯಂಥ ಕಾಳು. ಇದು ಆ ಚಿಕ್ಕ ಸೆನ್ಸರಿನ ಮಿತಿ, ರಿಪೇರಿಗೆ ಸಿಗುವ ದೋಷವಲ್ಲ.

ಫ್ಲ್ಯಾಶ್ ಹಾಕುವ ಯೋಚನೆ ಬಿಡಿ. ಚಿಕ್ಕ ಕ್ಯಾಮೆರಾದ ಫ್ಲ್ಯಾಶ್ ಮೂರು ನಾಲ್ಕು ಮೀಟರ್ ದಾಟುವುದಿಲ್ಲ. ಗಾಳಿಯಲ್ಲಿರುವ ನೀರಿನ ಹನಿಗಳಿಗೆ ಬಡಿದು ಬಿಳಿ ಚುಕ್ಕೆಗಳಾಗುತ್ತವೆ. ಹತ್ತಿರ ಇದ್ದರಂತೂ ಓಡುವ ಕೋಣದ ಕಣ್ಣಿಗೆ, ಹಿಂದೆ ಹಗ್ಗ ಹಿಡಿದವನ ಕಣ್ಣಿಗೆ ಬೆಳಕು ಹೊಡೆಯುತ್ತದೆ. ಅಪಾಯ ಅವರಿಗೆ.

ಒಂದು ಫೋಟೋ ಬೆಳ್ಳಗೆ, ಮುಂದಿನದು ಹಳದಿ, ಅದರ ಮುಂದಿನದರಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ. ಇದನ್ನು ನೋಡಿ ಸೆನ್ಸರ್ ಹೋಯಿತು ಎಂದು ಹೆದರುವವರಿದ್ದಾರೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಹಲವು ದೀಪಗಳು ಅದರ ಜೊತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ ಅಷ್ಟೇ. ಶಟರ್ 1/100 ಇಟ್ಟರೆ ಒಂದು ಪೂರ್ತಿ ಮಿನುಗು ಒಳಗೆ ಬರುತ್ತದೆ, ಪಟ್ಟೆ ಮಾಯವಾಗುತ್ತದೆ. ಹಗಲು ಬಿಸಿಲಿನಲ್ಲೂ ಪಟ್ಟೆ ಬಂದರೆ ಮಾತ್ರ ಕ್ಯಾಮೆರಾ ತೋರಿಸಬೇಕು.

1/100ರಲ್ಲಿ ಕೋಣ ಬ್ಲರ್ ಆಗುತ್ತದಲ್ವಾ? ಆಗುತ್ತದೆ. ಅದಕ್ಕೆ ಕ್ಯಾಮೆರಾವನ್ನು ಕೋಣದ ಜೊತೆಗೇ ತಿರುಗಿಸಿ. ಪಾದ ಅಲುಗಿಸದೆ ಸೊಂಟದಿಂದ ತಿರುಗಿ. ದೂರದಿಂದಲೇ ಓಟಗಾರನ ತಲೆಯನ್ನು ಚೌಕಟ್ಟಿನ ಒಂದೇ ಜಾಗದಲ್ಲಿ ಹಿಡಿದು ಹಿಂಬಾಲಿಸಿ, ತಿರುಗುತ್ತಲೇ ಗುಂಡಿ ಒತ್ತಿ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಹಿಂದಿನ ಜನ, ದೀಪ ಎಲ್ಲ ಗೆರೆಗಳಾಗಿ ಹರಿದು, ಕೋಣ ಓಟಗಾರ ಸ್ಪಷ್ಟವಾಗಿ ಉಳಿಯುತ್ತಾರೆ. ಹೆಚ್ಚಿನವು ಕೆಡುತ್ತವೆ. ಆದರೂ ರಾತ್ರಿಯ ಕಂಬಳಕ್ಕೆ ಚಿಕ್ಕ ಕ್ಯಾಮೆರಾದಲ್ಲಿ ನನಗೆ ಇಷ್ಟವಾದ ದಾರಿ ಇದೇ. ಓಟದ ಜೋರು ಇದರಲ್ಲಿ ಕಾಣುವಷ್ಟು ಗಕ್ಕನೆ ನಿಂತ ಫೋಟೋದಲ್ಲಿ ಕಾಣುವುದಿಲ್ಲ.

"ನೆಟ್ಟಗಿನ ಕಂಬ ಓರೆಯಾಗಿದೆ"

ಕ್ಯಾಮೆರಾ ತಿರುಗಿಸುವಾಗ ಕಂಬಗಳು ವಾಲಿದಂತೆ ಬಂದರೆ ಎಲೆಕ್ಟ್ರಾನಿಕ್ ಶಟರ್ ಕಾರಣ. ಅದು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ, ಅಷ್ಟರಲ್ಲಿ ಚೌಕಟ್ಟು ಸರಿದಿರುತ್ತದೆ. ಮೆನುವಿನಲ್ಲಿ ಮೆಕ್ಯಾನಿಕಲ್ ಶಟರ್ ಇದ್ದರೆ ಅದಕ್ಕೆ ಬದಲಿಸಿ. ಇಲ್ಲದಿದ್ದರೆ ಬಿಟ್ಟುಬಿಡಿ.

"ಲೆನ್ಸ್ ಹೊರಗೆ ಬಂದು ನಿಂತಿದೆ, ಕರ್ ಕರ್ ಸದ್ದು"

ಇಲ್ಲಿಂದ ಮುಂದೆ ನಿಜವಾದ ದೋಷ. ಲೆನ್ಸ್ ಕೊಳವೆಯ ಸಂದಿಗೆ ಕೆಸರಿನ ಕಣ ಹೋದರೆ ಹೀಗಾಗುತ್ತದೆ, ಪರದೆಯಲ್ಲಿ ಲೆನ್ಸ್ ಎರರ್ ಎಂದು ಬರುತ್ತದೆ. ಬ್ಯಾಟರಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಚಾರ್ಜ್ ಆದದ್ದನ್ನು ಹಾಕಿ ನೋಡಿ. ಎಷ್ಟೋ ಸಲ ಬ್ಯಾಟರಿಗೆ ಲೆನ್ಸ್ ಎಳೆಯುವ ಶಕ್ತಿ ಇಲ್ಲದೆ ನಿಂತಿರುತ್ತದೆ. ಆಗಲೂ ಆಗದಿದ್ದರೆ ಲೆನ್ಸ್ ಕೆಳಮುಖ ಮಾಡಿ ಸಂದಿಯ ಸುತ್ತ ಬ್ಲೋವರ್‌ನಿಂದ ಊದಿ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ. ಕೈಯಿಂದ ಒಳಗೆ ತಳ್ಳಬೇಡಿ, ಎಣ್ಣೆ ಬಿಡಬೇಡಿ. ಎಣ್ಣೆ ಒಳಗಿನ ಗಾಜಿಗೆ ಹರಡಿದರೆ ಇರುವ ಲೆನ್ಸೂ ಹೋಗುತ್ತದೆ.

ಕೆಸರು ನೀರು ಒಳಗೆ ಹೋಗಿದ್ದರೆ ಆನ್ ಮಾಡಿ ಪರೀಕ್ಷಿಸಬೇಡಿ. ಬ್ಯಾಟರಿ, ಕಾರ್ಡ್ ತೆಗೆದು ಹೊರಗೆ ಒರೆಸಿ ರಿಪೇರಿಯವರ ಬಳಿ ಒಯ್ಯಿರಿ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಅಕ್ಕಿಯ ಧೂಳೂ ಸೇರಿಕೊಳ್ಳುತ್ತದೆ. ಯೂಟ್ಯೂಬ್ ನೋಡಿ ಸ್ಕ್ರೂ ಬಿಚ್ಚುವ ಸಾಹಸವೂ ಬೇಡ. ಫ್ಲ್ಯಾಶ್‌ನ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಅದು ಹೊಡೆಯುತ್ತದೆ. ಬ್ಯಾಟರಿ ಉಬ್ಬಿ ಗೂಡಿನಿಂದ ಬರುತ್ತಿಲ್ಲವಾದರೆ ಚಾಕು ಹಾಕಿ ಮೀಟಬೇಡಿ, ಚಾರ್ಜ್‌ಗೂ ಹಾಕಬೇಡಿ, ಬೆಂಕಿ ಹಿಡಿಯಬಹುದು.

ರಿಪೇರಿಗೆ ಕೊಡುವಾಗ ಮೊದಲು ಖರ್ಚಿನ ಅಂದಾಜು ಬರೆಸಿಕೊಳ್ಳಿ. ಹಳೆಯ ಕ್ಯಾಮೆರಾದ ಲೆನ್ಸ್ ಬದಲಿಸುವ ಖರ್ಚಿಗೆ ಕೆಲವೊಮ್ಮೆ ಅದೇ ಮಾಡೆಲಿನ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಸಿಗುತ್ತದೆ. ಯಾವಾಗ ಕೆಟ್ಟಿತು, ಆಗ ಏನು ಸದ್ದು ಬಂತು, ಪರದೆಯಲ್ಲಿ ಏನು ಬರೆದಿತ್ತು ಎಂದು ಚೀಟಿಯಲ್ಲಿ ಬರೆದು ಕೊಡಿ. ಮಸುಕಿನ ದೂರಾದರೆ ಆ ದಿನಪತ್ರಿಕೆಯ ಫೋಟೋವನ್ನೂ ತೋರಿಸಿ. ಕಾರ್ಡ್ ಮಾತ್ರ ತೆಗೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ.